ಜಂಪ್ ಮುಂದೆ ನಿಲ್ಲುವ ಕುದುರೆ: ಮಾರಬೇಕೋ, ತಿದ್ದಬೇಕೋ

ಕುದುರೆ ಮಾರುವ ಮಾತು ಹೆಚ್ಚಾಗಿ ಭಾನುವಾರ ಸಂಜೆ ಹುಟ್ಟುತ್ತದೆ. ಬೆಳಿಗ್ಗೆ ಸ್ಪರ್ಧೆಯಲ್ಲಿ ಮೂರನೇ ಜಂಪ್ (ಹಾರಿ ದಾಟಬೇಕಾದ ತಡೆ) ಮುಂದೆ ಗಕ್ಕನೆ ನಿಂತಿರುತ್ತದೆ. ಸುತ್ತು ಹಾಕಿಸಿ ತಂದರೆ ಮತ್ತೆ ನಿಲ್ಲುತ್ತದೆ, ಗಂಟೆ ಬಾರಿಸಿ ಹೊರಗೆ ಕಳಿಸುತ್ತಾರೆ. ಅಂತರರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟದ (ಎಫ್‌ಇಐ) ನಿಯಮದ ಪ್ರಕಾರ ಶೋ ಜಂಪಿಂಗ್‌ನಲ್ಲಿ ಮೊದಲ ನಿರಾಕರಣೆಗೆ 4 ಪೆನಾಲ್ಟಿ, ಎರಡನೆಯದಕ್ಕೆ ಎಲಿಮಿನೇಷನ್. ಸಂಜೆಯ ಹೊತ್ತಿಗೆ ಮನೆಯಲ್ಲಿ ಮೂರು ತೀರ್ಪು ತಯಾರಾಗಿರುತ್ತವೆ: ಕುದುರೆ ಮೊಂಡು, ಕುದುರೆ ಪುಕ್ಕಲು, ಸವಾರಿ ಮಾಡುವವರಿಗೆ ಸವಾರಿ ಬರುವುದಿಲ್ಲ. ಮೂರೂ ಬರೀ ಊಹೆ. ಊಹೆಯ ಮೇಲೆ ಕುದುರೆ ಮಾರಿದವರೂ ಇದ್ದಾರೆ, ಊಹೆಯ ಮೇಲೆ ಎರಡು ವರ್ಷ ತರಬೇತಿಗೆ ದುಡ್ಡು ಸುರಿದವರೂ ಇದ್ದಾರೆ. ಎರಡನೆಯವರಲ್ಲಿ ನಾನೂ ಒಬ್ಬ, ಪೂರ್ತಿ ಎರಡು ವರ್ಷ ಆಗಲಿಲ್ಲ ಅಷ್ಟೇ.

ನಮ್ಮದು ರೇಸ್ ಬಿಟ್ಟ ಥರೋಬ್ರೆಡ್, ಅಂದರೆ ರೇಸ್ ತಳಿಯ ಕುದುರೆ. ಬೆಂಗಳೂರು, ಮೈಸೂರಿನ ರೇಸ್‌ಕೋರ್ಸ್‌ಗಳಿಂದ ನಿವೃತ್ತವಾದ ಕುದುರೆಗಳು ಸುತ್ತಮುತ್ತಲಿನ ರೈಡಿಂಗ್ ಶಾಲೆಗಳಿಗೆ ಬರುವುದು ಹೊಸದೇನಲ್ಲ. ಇಂಪೋರ್ಟೆಡ್ ವಾರ್ಮ್‌ಬ್ಲಡ್ (ಜಂಪಿಂಗ್‌ನಂಥ ಆಟಗಳಿಗೆಂದೇ ಬೆಳೆಸಿದ ತಳಿ) ಕೊಳ್ಳುವ ಶಕ್ತಿ ಇಲ್ಲದವರಿಗೆ ಇರುವ ದಾರಿ ಇದೇ. ಲಾಯದಲ್ಲಿ ಎಲ್ಲರೂ ಅವನನ್ನು ಕರಿಯ ಅನ್ನುತ್ತಿದ್ದರು. 60 ಸೆಂಟಿಮೀಟರ್ ಜಂಪನ್ನು ಆಟದಂತೆ ದಾಟುತ್ತಿದ್ದವನು 85ಕ್ಕೆ ಬರುತ್ತಲೇ ನಿಲ್ಲತೊಡಗಿದ. ಮುಂದೆ ಬರೆದಿರುವುದು ಅವನಿಂದ ಕಲಿತದ್ದು, ಕೆಲವು ತಡವಾಗಿ ಕಲಿತದ್ದು.

ಮೊದಲು ಒಂದು ನೋಟ್‌ಬುಕ್

"ಹಾರಲ್ಲ" ಎಂಬುದು ರೋಗದ ಹೆಸರಲ್ಲ. ಜ್ವರ ಇದೆ ಎಂದಷ್ಟೇ ಹೇಳಿದರೆ ಯಾವ ವೈದ್ಯರೂ ಔಷಧಿ ಕೊಡುವುದಿಲ್ಲ, ಎಷ್ಟು ಹೊತ್ತಿಗೆ ಬರುತ್ತದೆ, ಚಳಿ ಇದೆಯೇ ಎಂದು ಕೇಳುತ್ತಾರೆ. ಹಾಗೆಯೇ ಇದೂ. ಎರಡು ವಾರ ಪ್ರತಿಯೊಂದು ನಿರಾಕರಣೆಯನ್ನೂ ಬರೆದಿಡಿ. ಯಾವ ಜಂಪ್, ಎಷ್ಟು ಎತ್ತರ, ಒಂದೇ ಸಾಲಿನ ವರ್ಟಿಕಲ್ಲೋ, ಹಿಂದೆ-ಮುಂದೆ ಎರಡು ಸಾಲಿನ ಅಗಲದ ಆಕ್ಸರ್ರೋ. ಬಲ ತಿರುವಿನಿಂದ ಬಂದದ್ದೋ ಎಡದಿಂದಲೋ. ನೆಲ ಗಟ್ಟಿಯೋ ಮರಳೋ. ಸವಾರಿಯ ಮೊದಲ ಹತ್ತು ನಿಮಿಷವೋ ಕೊನೆಯ ಹತ್ತೋ. ಬಿಸಿಲೋ ನೆರಳೋ. ಮುಖ್ಯವಾಗಿ, ಹೇಗೆ ನಿಂತಿತು: ಮೂರು ಹೆಜ್ಜೆ ಹಿಂದಿನಿಂದಲೇ ನಿಧಾನವಾಗುತ್ತಾ ನಿಂತಿತೋ, ಕೊನೆಯ ಹೆಜ್ಜೆಯಲ್ಲಿ ಕಾಲೂರಿ ನಿಂತಿತೋ, ಪಕ್ಕಕ್ಕೆ ನುಣುಚಿಕೊಂಡಿತೋ.

ಈ ಮೂರರ ನಡುವೆ ಬಹಳ ವ್ಯತ್ಯಾಸ ಇದೆ. ದೂರದಿಂದಲೇ ಹಿಂಜರಿಯುವ ಕುದುರೆ ಹಾರುವುದು ಬೇಡ ಎಂದು ಮೊದಲೇ ತೀರ್ಮಾನಿಸಿಬಿಟ್ಟಿರುತ್ತದೆ. ನೋವು ಇರಬಹುದು, ಹಳೆಯ ಹೆದರಿಕೆ ಇರಬಹುದು. ಕೊನೆಯ ಹೆಜ್ಜೆಯವರೆಗೂ ಚೆನ್ನಾಗಿ ಬಂದು ನಿಲ್ಲುವ ಕುದುರೆಗೆ ಹಾರುವ ಮನಸ್ಸು ಇತ್ತು, ಕೊನೆಗಳಿಗೆಯಲ್ಲಿ ಲೆಕ್ಕ ತಪ್ಪಿತು. ಹೆಚ್ಚು ಸಲ ಅದು ಸವಾರನ ಕೈಯಿಂದ ಬಂದದ್ದು. ಯಾವಾಗಲೂ ಒಂದೇ ಪಕ್ಕಕ್ಕೆ ನುಣುಚುವ ಕುದುರೆಯಲ್ಲಿ ಆ ಪಕ್ಕದ ಲಗಾಮು, ಆ ಪಕ್ಕದ ಕಾಲು, ಆ ಪಕ್ಕದ ಕಣ್ಣು ಮೂರನ್ನೂ ಅನುಮಾನಿಸಬೇಕು. ಮನೆ ಕಡೆ ಮುಖ ಮಾಡಿದಾಗ ಹಾರಿ, ಮನೆಗೆ ಬೆನ್ನು ಮಾಡಿದಾಗ ಮಾತ್ರ ನಿಲ್ಲುವ ಕುದುರೆಗೆ ಜಂಪ್‌ನ ತೊಂದರೆಯೇ ಇಲ್ಲ. ಅದಕ್ಕೆ ಜೊತೆಗಾರರನ್ನು ಬಿಟ್ಟು ಹೋಗುವುದು ಬೇಡ, ಅಷ್ಟೇ.

ನೋಟ್‌ಬುಕ್ ಬರೆಯಲು ಶುರು ಮಾಡುವ ಮುಂಚೆಯೇ ಕರಿಯನನ್ನು ನೋಡಿಕೊಳ್ಳುವ ಸೈಸ್ ಅಣ್ಣ ಒಂದು ಮಾತು ಹೇಳಿದ್ದರು: "ಸಾರ್, ಇವ್ನು ಬಲಕ್ಕೆ ತಿರುಗ್ಸಿ ತಂದ್ರೆ ಮಾತ್ರ ನಿಲ್ತಾನೆ, ಗಮನಿಸಿದ್ರಾ?" ನಾನು ಗಮನಿಸಿರಲಿಲ್ಲ. ದಿನಕ್ಕೆ ಒಂದು ಗಂಟೆ ಕುದುರೆ ಮೇಲೆ ಕೂರುವವನಿಗಿಂತ ದಿನವಿಡೀ ಅದರ ಕಾಲ ಬುಡದಲ್ಲಿರುವವರ ಕಣ್ಣು ಚುರುಕು. ಹದಿನೈದು ದಿನ ಬರೆದ ಮೇಲೆ ನೋಡಿದರೆ ಅವರ ಮಾತು ಅಕ್ಷರಶಃ ನಿಜ.

ನೋವು ಇಲ್ಲವೆಂದು ಖಾತ್ರಿಯಾಗುವ ತನಕ ಮುಂದೆ ಹೋಗಬೇಡಿ

ಹಾರಿ ಇಳಿಯುವಾಗ ಕುದುರೆಯ ಒಂದು ಮುಂಗಾಲು ಮೊದಲು ನೆಲ ಮುಟ್ಟುತ್ತದೆ, ಇನ್ನೊಂದು ಆಮೇಲೆ. 450ರಿಂದ 500 ಕೆಜಿ ತೂಗುವ ಪ್ರಾಣಿ, ಮೇಲೆ ಸವಾರ, ಜೀನು. ಕ್ಷಣಕಾಲ ಅಷ್ಟೂ ಭಾರ ಒಂದೇ ಗೊರಸಿನ ಮೇಲೆ. ಗೊರಸಿನ ಹಿಂಭಾಗದಲ್ಲಿ ನೋವಿರುವ ಕುದುರೆ ನಡೆಯುವಾಗ, ಟ್ರಾಟ್‌ನಲ್ಲಿ (ನಡಿಗೆಗಿಂತ ವೇಗದ ಕುಲುಕು ಓಟ) ಏನೂ ತೋರಿಸದೆ ಇಳಿಯುವಿಕೆಗೆ ಮಾತ್ರ ಹೆದರಬಹುದು. ಹಾರುವುದಕ್ಕೆ ಅದರ ಅಡ್ಡಿಯಿಲ್ಲ, ಇಳಿಯುವುದಕ್ಕೆ ಇದೆ.

ಗಟ್ಟಿ ನೆಲದಲ್ಲಿ ಸಣ್ಣ ವೃತ್ತದಲ್ಲಿ ಟ್ರಾಟ್ ಮಾಡಿಸಿ ನೋಡಿ. ಒಳಗಿನ ಕಾಲಿಗೆ ನೋವಿದ್ದರೆ ಅಲ್ಲಿ ಎದ್ದು ಕಾಣುತ್ತದೆ. ಕುಂಟುವ ಮುಂಗಾಲು ನೆಲಕ್ಕೆ ಬಿದ್ದಾಗ ತಲೆ ಮೇಲೇಳುತ್ತದೆ, ಸರಿಯಿರುವ ಕಾಲಿಗೆ ತಲೆ ಬಾಗುತ್ತದೆ. ಎರಡೂ ಮುಂಗಾಲಿಗೆ ನೋವಿದ್ದರೆ ತಲೆಯಾಟವೇ ಇರುವುದಿಲ್ಲ, ಹೆಜ್ಜೆ ಗಿಡ್ಡವಾಗಿ ಮೊಟಕಾಗುತ್ತದೆ ಅಷ್ಟೇ, ಅದನ್ನು "ಸೋಮಾರಿ" ಎಂದು ಓದಿಬಿಡುವುದು ಸುಲಭ. ಕರಿಯನದು ಇದೇ ಕಥೆ. ಪಶುವೈದ್ಯರು ಬಲಗಾಲಿನ ಗೊರಸಿನ ಹಿಂಭಾಗದ ನರಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರು. ಹತ್ತು ನಿಮಿಷ ಬಿಟ್ಟು ಟ್ರಾಟ್ ಮಾಡಿಸಿದರೆ ಕುದುರೆ ಎಡಗಾಲಿನಲ್ಲಿ ಕುಂಟತೊಡಗಿತು! ಎರಡರಲ್ಲೂ ಇತ್ತು, ಬಲಗಾಲಿನಲ್ಲಿ ಜಾಸ್ತಿ. ಮುಂಗಾಲ ಗೊರಸಿನ ತುದಿ ಉದ್ದ ಬೆಳೆದು ಹಿಮ್ಮಡಿ ತಗ್ಗಿಹೋಗಿತ್ತು. ಲಾಳ ಕಟ್ಟಿಸುವುದನ್ನು ಐದಾರು ವಾರಕ್ಕೊಮ್ಮೆ ಎಂದು ಇಟ್ಟುಕೊಳ್ಳುವ ಬದಲು ಖರ್ಚು ಉಳಿಸಲು ಎಂಟಕ್ಕೆ ಎಳೆದಿದ್ದೆ. ಉಳಿದದ್ದು ಎಷ್ಟು, ಕೊನೆಗೆ ಕೈಬಿಟ್ಟು ಹೋದದ್ದು ಎಷ್ಟು ಎಂದು ಇಲ್ಲಿ ಬರೆಯಲು ನಾಚಿಕೆ.

ಬೆನ್ನು ಎರಡನೆಯದು. ಥರೋಬ್ರೆಡ್‌ಗಳಲ್ಲಿ ಜೀನಿನ ಕೆಳಗಿನ ಬೆನ್ನುಮೂಳೆಯ ಮೇಲ್ಮುಳ್ಳುಗಳು ಒಂದಕ್ಕೊಂದು ತೀರ ಹತ್ತಿರ ಬಂದು ಉಜ್ಜಿಕೊಳ್ಳುವ ತೊಂದರೆ ಹೆಚ್ಚು, 'ಕಿಸ್ಸಿಂಗ್ ಸ್ಪೈನ್ಸ್' ಎನ್ನುತ್ತಾರೆ. ಎಕ್ಸ್‌ರೇಯಲ್ಲಿ ಕಾಣುತ್ತದೆ. ಆದರೆ ಎಕ್ಸ್‌ರೇಯಲ್ಲಿ ಕಂಡದ್ದೆಲ್ಲ ನೋಯುತ್ತಿರಬೇಕೆಂದಿಲ್ಲ, ವೈದ್ಯರು ಕೈಯಾಡಿಸಿ, ಸವಾರಿ ನೋಡಿ ತೀರ್ಮಾನಿಸಬೇಕು. ಜೀನನ್ನೂ ಆಗಲೇ ಪರೀಕ್ಷಿಸಿಬಿಡಿ. ರೇಸ್ ಬಿಟ್ಟು ಬಂದ ಕುದುರೆ ಕೆಲವೇ ತಿಂಗಳಲ್ಲಿ ಮೈ ಬದಲಿಸುತ್ತದೆ, ಬಂದ ದಿನ ಸರಿಯಿದ್ದ ಜೀನು ಈಗ ಒತ್ತುತ್ತಿರಬಹುದು. ಸವಾರಿ ಮುಗಿದ ಮೇಲೆ ನಮ್ದಾ (ಜೀನಿನ ಕೆಳಗೆ ಹಾಸುವ ಬಟ್ಟೆ) ತೆಗೆದಾಗ ಬೆವರಿನ ನಡುವೆ ಒಣಗಿದ ತೇಪೆ ಕಂಡರೆ, ಕಪ್ಪು ಕೂದಲಲ್ಲಿ ಬಿಳಿ ಕೂದಲು ಮೂಡಿದ್ದರೆ, ಅಲ್ಲೇ ಒತ್ತುತ್ತಿದೆ ಎಂದರ್ಥ.

ಹೊಟ್ಟೆಯನ್ನು ಮರೆಯುವವರು ಬಹಳ. ಕುದುರೆಯ ಹೊಟ್ಟೆಯಲ್ಲಿ ಆಮ್ಲ ದಿನವಿಡೀ ಸುರಿಯುತ್ತಲೇ ಇರುತ್ತದೆ, ಮೇಯುತ್ತಿರಲಿ ಬಿಡಲಿ. ಹುಲ್ಲು ಕಡಿಮೆ, ಕಾಳು ಹೆಚ್ಚು, ದಿನಕ್ಕೆ ಎರಡೇ ಹೊತ್ತು ಮೇವು ಎಂಬ ಪದ್ಧತಿಯಲ್ಲಿ ಬೆಳೆದ ರೇಸ್ ಕುದುರೆಗಳಲ್ಲಿ ಹೊಟ್ಟೆಹುಣ್ಣು ಸಾಮಾನ್ಯ. ಖಾಲಿ ಹೊಟ್ಟೆಯಲ್ಲಿ ಕ್ಯಾಂಟರ್ (ಟ್ರಾಟ್‌ಗಿಂತ ವೇಗದ ನೆಗೆತದ ಓಟ) ಮಾಡಿಸಿದರೆ ಆಮ್ಲ ಹೊಟ್ಟೆಯ ಮೇಲ್ಭಾಗಕ್ಕೆ ಎರಚುತ್ತದೆ, ಅಲ್ಲಿ ಅದಕ್ಕೆ ರಕ್ಷಣೆ ಇಲ್ಲ. ಹೊಟ್ಟೆಪಟ್ಟಿ ಬಿಗಿಯುವಾಗ ಕಚ್ಚಲು ಬರುವುದು, ಮೇವು ಅರ್ಧಕ್ಕೆ ಬಿಡುವುದು ಸುಳಿವುಗಳು. ಖಚಿತವಾಗಿ ಹೇಳಲು ಉದ್ದನೆಯ ಕ್ಯಾಮೆರಾ ಕೊಳವೆ ಇಳಿಸಿಯೇ ನೋಡಬೇಕು. ಸವಾರಿಗೆ ಮುಂಚೆ ಒಂದಿಷ್ಟು ಹುಲ್ಲೋ ಲೂಸರ್ನೋ (ನಮ್ಮ ರೈತರು ಕುದುರೆ ಮೆಂತೆ ಅನ್ನುವ ಅದೇ ಸೊಪ್ಪು) ತಿನ್ನಿಸುವುದು ಹೇಗೂ ಒಳ್ಳೆಯದು. ಹಾಗೆಯೇ ಒಂದು ಎಚ್ಚರಿಕೆ. "ನಾಲ್ಕು ದಿನ ನೋವಿನ ಪುಡಿ ಕೊಟ್ಟು ನೋಡಿ, ಹಾರಿದರೆ ನೋವು, ಹಾರದಿದ್ದರೆ ಮೊಂಡುತನ" ಎಂಬ ಸಲಹೆ ಲಾಯಗಳಲ್ಲಿ ಓಡಾಡುತ್ತದೆ. ವೈದ್ಯರ ಉಸ್ತುವಾರಿಯಲ್ಲಿ ಇದನ್ನು ಮಾಡುವುದುಂಟು. ನೀವೇ ಮಾಡಬೇಡಿ. ಆ ಪುಡಿಯಿಂದಲೇ ಹುಣ್ಣು ಹೆಚ್ಚಬಹುದು, ಎಲ್ಲ ನೋವೂ ಅದಕ್ಕೆ ಬಗ್ಗುವುದಿಲ್ಲ, ಕುದುರೆಗೆ ನೋವಿನ ನೆನಪು ಇದ್ದರೆ ನೋವು ಹೋದರೂ ನಾಲ್ಕು ದಿನದಲ್ಲಿ ಹಾರುವುದಿಲ್ಲ.

ಪಶುವೈದ್ಯೆ ಸೂ ಡೈಸನ್ ಸವಾರಿಯ ಹೊತ್ತಿನ 24 ವರ್ತನೆಗಳ ಪಟ್ಟಿಯೊಂದನ್ನು ರೂಪಿಸಿದ್ದಾರೆ. ಕಿವಿ ಹಿಂದಕ್ಕೆ ಒತ್ತಿಕೊಂಡೇ ಇರುವುದು, ಬಾಲ ಬೀಸುವುದು, ಬಾಯಿ ತೆರೆದು ಮುಚ್ಚುವುದು, ತಲೆ ಓರೆ ಮಾಡುವುದು, ಎಡವುವುದು ಇಂಥವು. ಎಂಟು ಅಥವಾ ಹೆಚ್ಚು ಕಂಡರೆ ಮೂಳೆ-ಸ್ನಾಯುವಿನ ನೋವು ಇರುವ ಸಾಧ್ಯತೆ ಬಲವಾಗಿದೆ ಎಂದು ಅದರ ಲೆಕ್ಕ. ಫೋನಿನಲ್ಲಿ ಹತ್ತು ನಿಮಿಷ ವಿಡಿಯೋ ಹಿಡಿದು ಆ ಪಟ್ಟಿ ಮುಂದಿಟ್ಟುಕೊಂಡು ನೋಡಿ. ಜಂಪ್ ಬೇಕಿಲ್ಲ, ಬರೀ ಟ್ರಾಟ್, ಕ್ಯಾಂಟರ್ ಸಾಕು.

ಕಣ್ಣು, ಬಣ್ಣ, ನೆರಳು

ಕುದುರೆಯ ಕಣ್ಣು ತಲೆಯ ಅಕ್ಕಪಕ್ಕದಲ್ಲಿದೆ. ಸುಮಾರು 350 ಡಿಗ್ರಿ ಕಾಣುತ್ತದೆ, ಆದರೆ ಹಣೆಯ ನೇರ ಮುಂದೆ, ಮೂಗಿನ ಕೆಳಗೆ ಕುರುಡು ಜಾಗ. ಜಂಪ್‌ಗೆ ತೀರ ಹತ್ತಿರ ಬಂದಾಗ ಕುದುರೆಗೆ ಜಂಪ್ ಕಾಣುವುದಿಲ್ಲ, ಹಿಂದಿನ ಹೆಜ್ಜೆಗಳಲ್ಲಿ ಕಂಡದ್ದರ ನೆನಪಿನ ಮೇಲೆ ಹಾರುತ್ತದೆ. ಆ ಹಿಂದಿನ ಹೆಜ್ಜೆಗಳಲ್ಲಿ ತಲೆಯನ್ನು ಎದೆಗೆ ಒತ್ತಿ ಹಿಡಿದರೆ ಅದು ನೋಡುವುದಾದರೂ ಹೇಗೆ? ಬಿಗಿಯಾದ ಮಾರ್ಟಿಂಗೇಲ್ (ತಲೆ ಮೇಲೇಳದಂತೆ ಕಟ್ಟುವ ಪಟ್ಟಿ) ಇದ್ದರೆ ಸಡಿಲಿಸಿ ನೋಡಿ.

ಕುದುರೆಗೆ ನೀಲಿ, ಹಳದಿ ಚೆನ್ನಾಗಿ ಕಾಣುತ್ತವೆ, ಕೆಂಪು-ಹಸಿರು ಬೇರೆಬೇರೆಯಾಗಿ ಕಾಣುವುದಿಲ್ಲ. ಬ್ರಿಟನ್ನಿನ ಜಂಪ್ ರೇಸ್‌ಗಳಲ್ಲಿ ಬೇಲಿಗಳ ಕಿತ್ತಳೆ ಬಣ್ಣ ಕುದುರೆಗಳಿಗೆ ಸರಿಯಾಗಿ ಎದ್ದು ಕಾಣುವುದಿಲ್ಲವೆಂದು ಎಕ್ಸೆಟರ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದ ಮೇಲೆ, 2022ರಿಂದ ಅದನ್ನು ಬಿಳಿಗೆ ಬದಲಿಸತೊಡಗಿದರು. ನಮ್ಮ ಕೆಮ್ಮಣ್ಣಿನ ಅಂಗಳದಲ್ಲಿ ಕಿತ್ತಳೆ ಪೋಲ್ ಇಟ್ಟು "ಇಷ್ಟು ದೊಡ್ಡದು ಕಾಣಲ್ವಾ" ಎಂದು ಬೈಯುವವರು ಇದನ್ನು ನೆನಪಿಡಬೇಕು. ಬಿಸಿಲಿನಿಂದ ಮಳೆಮರದ ನೆರಳಿಗೆ ನುಗ್ಗುವ ಜಾಗದಲ್ಲಿ ಜಂಪ್ ಇದ್ದರೆ ಇನ್ನೂ ಕಷ್ಟ, ಬೆಳಕು ಬದಲಾದಾಗ ಕುದುರೆಯ ಕಣ್ಣು ಹೊಂದಿಕೊಳ್ಳಲು ನಮ್ಮದಕ್ಕಿಂತ ಹೆಚ್ಚು ಹೊತ್ತು ಬೇಕು. ಜಂಪನ್ನು ಹತ್ತು ಅಡಿ ಸರಿಸಿ ನೋಡಿ. ಸರಿಸಿದ ಮೇಲೆ ಹಾರಿದರೆ ಅಲ್ಲಿಗೆ ದೋಷ ಸಿಕ್ಕಿತು, ಒಂದು ರೂಪಾಯಿ ಖರ್ಚಿಲ್ಲ.

ಸವಾರನನ್ನು ಬದಲಿಸಿ ನೋಡುವುದು

ಕುದುರೆ ನೋವಿಲ್ಲದೆ ಇದ್ದರೆ ಮುಂದಿನ ಪರೀಕ್ಷೆ ಇದು, ಎಲ್ಲರಿಗಿಂತ ಹೆಚ್ಚು ನೋಯುವುದು ಸವಾರನಿಗೇ. ಅನುಭವಿ ಸವಾರರೊಬ್ಬರನ್ನು ಮೂರು ಬೇರೆ ಬೇರೆ ದಿನ ಕೂರಿಸಿ. ಅವರ ಕೈಯಲ್ಲಿ ಹಾರಿ ನಿಮ್ಮ ಕೈಯಲ್ಲಿ ನಿಂತರೆ, ಕುದುರೆ ಮಾರುವ ಮಾತು ಅಲ್ಲಿಗೆ ಮುಂದೂಡಿ.

ರೇಸ್ ಕುದುರೆಯಲ್ಲಿ ಇದಕ್ಕೊಂದು ವಿಶೇಷ ಕಾರಣವಿದೆ. ಜಾಕಿ ಲಗಾಮನ್ನು ಗಿಡ್ಡವಾಗಿ ಹಿಡಿದು ಕೂತಾಗ ಕುದುರೆ ಅದರ ಮೇಲೆ ಭಾರ ಹಾಕಿ ಓಡಲು ಕಲಿತಿರುತ್ತದೆ. ಲಗಾಮು ಬಿಗಿಯಾದಷ್ಟೂ ವೇಗ. ಹೆದರಿದ ಸವಾರ ಜಂಪ್ ಮುಂದೆ ಲಗಾಮು ಎಳೆದರೆ ಇಂಥ ಕುದುರೆ ಹುಚ್ಚೆದ್ದು ಓಡುತ್ತದೆ. ಇನ್ನೂ ಎಳೆದರೆ ಬಾಯಿ ನೋವಿಗೆ ನಿಲ್ಲುತ್ತದೆ. ನಿಂತ ಮೇಲೆ ಚಾಟಿ ಬೀಳುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ. ಇನ್ನೊಂದು ಬಗೆಯ ಸವಾರರು ಜಂಪ್ ಬರುವ ಮುಂಚೆಯೇ ಕುದುರೆಯ ಕತ್ತಿನ ಮೇಲೆ ಬಾಗಿಬಿಡುತ್ತಾರೆ. ಎತ್ತಬೇಕಾದ ಮುಂಗಾಲಿನ ಮೇಲೆಯೇ ಭಾರ. ನಾನು ಈ ಎರಡನೇ ಜಾತಿ.

ಈ ಪರೀಕ್ಷೆಗೂ ಮಿತಿಯಿದೆ. ಟೋಕಿಯೋ ಒಲಿಂಪಿಕ್ಸ್‌ನ ಮಾಡರ್ನ್ ಪೆಂಟಾಥ್ಲಾನ್‌ನಲ್ಲಿ (ಆಗ ಕುದುರೆ ಸವಾರಿಯೂ ಸೇರಿದ್ದ ಐದು ಆಟಗಳ ಸ್ಪರ್ಧೆ), 2021ರ ಆಗಸ್ಟ್ 6ರಂದು, ಮುನ್ನಡೆಯಲ್ಲಿದ್ದ ಜರ್ಮನಿಯ ಆನಿಕಾ ಷ್ಲೊಯ್‌ಗೆ ಚೀಟಿಯಲ್ಲಿ ಬಂದ ಕುದುರೆ ಸೇಂಟ್ ಬಾಯ್. ಆ ಆಟದಲ್ಲಿ ಅಪರಿಚಿತ ಕುದುರೆಯೊಂದಿಗೆ 20 ನಿಮಿಷ ಪರಿಚಯ, ಆಮೇಲೆ ಸ್ಪರ್ಧೆ ಎಂಬುದು ಆಗಿನ ನಿಯಮ. ಸೇಂಟ್ ಬಾಯ್ ಅದಕ್ಕೂ ಮುಂಚಿನ ಸವಾರಳ ಕೈಯಲ್ಲೇ ನಿಂತುಹೋಗಿತ್ತು. ಷ್ಲೊಯ್ ಅತ್ತರು, ಚಾಟಿ ಬಳಸಿದರು, ಕುದುರೆಯನ್ನು ಗುದ್ದಿದ್ದಕ್ಕೆ ಕೋಚ್ ಅನರ್ಹರಾದರು, ಕುದುರೆ ಹಾರಲಿಲ್ಲ. ಪ್ಯಾರಿಸ್ 2024ರ ನಂತರ ಆ ಆಟದಿಂದ ಕುದುರೆ ಸವಾರಿಯನ್ನೇ ತೆಗೆದುಹಾಕಿದರು. ಒಬ್ಬರ ಕೈಯಲ್ಲಿ ಧೈರ್ಯ ಕಳೆದುಕೊಂಡ ಕುದುರೆ ಇನ್ನೊಬ್ಬರ ಕೈಗೆ ಬಂದ ತಕ್ಷಣ ಸರಿಯಾಗಿಬಿಡುವುದಿಲ್ಲ, ಮೂರು ದಿನ ಬೇರೆ ಬೇರೆಯಾಗಿ ಎಂದದ್ದು ಅದಕ್ಕೇ.

ತಿದ್ದುವುದಾದರೆ

ನೋವು ಹೋಗಿದೆ, ಜೀನು ಸರಿಯಿದೆ ಎಂದಾದ ಮೇಲೆ ಕುದುರೆಗೆ ಹೊಸದಾಗಿ ಕಲಿಸುವಂತೆ ಶುರು ಮಾಡಿ. ನೆಲದ ಮೇಲೆ ಮಲಗಿಸಿದ ಪೋಲ್‌ಗಳು, ಟ್ರಾಟ್‌ಗೆ ಒಂದರಿಂದೊಂದು ಸುಮಾರು 1.35 ಮೀಟರ್ ದೂರ. ಆಮೇಲೆ ಅಡ್ಡಡ್ಡ ಇಟ್ಟ ಸಣ್ಣ ಕ್ರಾಸ್, ಅದರ ಮುಂದೆ ಸುಮಾರು 2.7 ಮೀಟರ್‌ಗೆ ಒಂದು ಪೋಲ್. ಈ ಪೋಲ್ ಕುದುರೆಯನ್ನು ಸರಿಯಾದ ಜಾಗಕ್ಕೆ ತಂದು ನಿಲ್ಲಿಸುತ್ತದೆ, ಸವಾರ ಲೆಕ್ಕ ಹಾಕಬೇಕಿಲ್ಲ, ಸುಮ್ಮನೆ ಕೂತರೆ ಸಾಕು. ಸುಮ್ಮನೆ ಕೂರುವುದೇ ಕಷ್ಟ ಎಂಬುದು ಬೇರೆ ಮಾತು. ಕ್ಯಾಂಟರ್‌ನ ಒಂದು ಹೆಜ್ಜೆ ಸುಮಾರು 3.6 ಮೀಟರ್, ಮನುಷ್ಯನ ನಾಲ್ಕು ದೊಡ್ಡ ಹೆಜ್ಜೆ. ಎರಡು ಜಂಪ್ ನಡುವೆ ಒಂದು ಕ್ಯಾಂಟರ್ ಹೆಜ್ಜೆ ಬೇಕಾದರೆ ಸುಮಾರು 7.3 ಮೀಟರ್. ಗಿಡ್ಡ ಹೆಜ್ಜೆಯ ಕುದುರೆಗೆ ಇದನ್ನು ಕಡಿಮೆ ಮಾಡಿ. ಎಷ್ಟೋ "ನಿಲ್ಲುವ ಕುದುರೆ"ಗಳ ದೋಷ ಅಳತೆಪಟ್ಟಿಯಲ್ಲಿ ಸಿಗುತ್ತದೆ.

ನಿಂತಾಗ ಏನು ಮಾಡಬೇಕು? ಹೆಚ್ಚಿನವರು ತಿರುಗಿಸಿ ದೂರ ಕರೆದೊಯ್ದು, ಎರಡು ಚಾಟಿ ಕೊಟ್ಟು, ಮತ್ತೆ ತರುತ್ತಾರೆ. ಕುದುರೆ ಒಂದೆರಡು ಕ್ಷಣದೊಳಗೆ ಆದದ್ದನ್ನು ಮಾತ್ರ ತನ್ನ ನಡತೆಗೆ ಜೋಡಿಸಿಕೊಳ್ಳುತ್ತದೆ. ಜಂಪ್‌ನಿಂದ ದೂರ ತಿರುಗಿದ್ದು ಅದಕ್ಕೆ ಬಹುಮಾನ, ಆಮೇಲೆ ಬಿದ್ದ ಏಟು ತಿರುಗಿದ್ದಕ್ಕೆ ಶಿಕ್ಷೆ. ಪಾಠ ಪೂರ್ತಿ ಉಲ್ಟಾ. ಜಂಪ್‌ಗೆ ಮುಖ ಮಾಡಿಸಿ ನಿಲ್ಲಿಸಿಯೇ ಇರಿ. ಇನ್ನೊಬ್ಬರು ಬಂದು ಪೋಲ್ ಇಳಿಸಲಿ, ನಿಂತಲ್ಲಿಂದಲೇ ಹೆಜ್ಜೆಯಿಟ್ಟು ದಾಟುವಷ್ಟು. ದಾಟಲಿ. ಆಮೇಲೆ ಎರಡು ಸಲ ಟ್ರಾಟ್‌ನಲ್ಲಿ ದಾಟಿಸಿ, ಅಲ್ಲಿಗೆ ನಿಲ್ಲಿಸಿ. ನಿಂತಲ್ಲಿಂದ ದಾಟಲು ಆಗದಷ್ಟು ಎತ್ತರದ ಜಂಪ್ ತಿದ್ದುವ ಹಂತದಲ್ಲಿ ಇಡಲೇಬೇಡಿ. ವಾರಕ್ಕೆ ಎರಡೇ ದಿನ ಜಂಪ್, ಉಳಿದ ದಿನ ಬಯಲು ಸವಾರಿ, ಏರುತಗ್ಗು.

ಆರು ವಾರ ಹೀಗೆ ಮಾಡಿದ ಮೇಲೆ ನೋಟ್‌ಬುಕ್ ತೆರೆಯಿರಿ. ನಿರಾಕರಣೆ ಕಡಿಮೆಯಾಗುತ್ತಾ ಬಂದಿದ್ದರೆ ಮುಂದುವರಿಸಿ. ಇದ್ದಲ್ಲೇ ಇದ್ದರೆ ವೈದ್ಯರ ಹತ್ತಿರ ಮತ್ತೊಮ್ಮೆ. ಒಂದು ಎತ್ತರದವರೆಗೆ ಖುಷಿಯಿಂದ ಹಾರಿ ಅದಕ್ಕಿಂತ ಮೇಲೆ ಪ್ರತಿ ಸಲವೂ ನಿಂತರೆ, ಅದು ಆ ಕುದುರೆಯ ಮೇಲ್ಮಿತಿ ಇರಬಹುದು. ಆಗ ಪ್ರಶ್ನೆ ಕುದುರೆಯದ್ದಲ್ಲ, ನಿಮಗೆ 80 ಸೆಂಟಿಮೀಟರ್ ಸಾಕೋ ಎಂಬುದು.

ಮಾರುವುದಾದರೆ

ನಾನು ಮಾರಿ ಎಂದೇ ಹೇಳುವ ಸಂದರ್ಭಗಳಿವೆ. ಸವಾರ ಹದಿನಾಲ್ಕರ ಹುಡುಗಿ, ಎರಡು ಸಲ ಬಿದ್ದು ಕೈ ಮುರಿದುಕೊಂಡಿದ್ದಾಳೆ, ಲಾಯಕ್ಕೆ ಬಂದರೆ ಹೊಟ್ಟೆ ಕಲಸುತ್ತದೆ ಎನ್ನುತ್ತಾಳೆ, ಅಪ್ಪ "ಹೆದರಬೇಡ ಮಗಳೇ" ಎಂದು ಕೂರಿಸುತ್ತಾರೆ. ಹೆದರಿದ ಕುದುರೆ, ಹೆದರಿದ ಸವಾರ ಇಬ್ಬರೂ ಒಬ್ಬರಿಗೊಬ್ಬರು ಕಲಿಸಲಾರರು. ಅಲ್ಲಿ ಕುದುರೆಯನ್ನು ಬದಲಿಸುವುದು ಮಗುವಿನ ಹಿತ. ಅದೇ ರೀತಿ, ಕಾಲಿನ ಅಥವಾ ಬೆನ್ನಿನ ತೊಂದರೆ ಸವಾರಿಗೆ ಅಡ್ಡಿಯಿಲ್ಲ ಆದರೆ ಜಂಪ್‌ಗೆ ಬೇಡ ಎಂದು ವೈದ್ಯರು ಹೇಳಿದ್ದರೆ, ಜಂಪ್ ಬೇಡವೆನ್ನುವ ಮನೆ ಹುಡುಕುವುದೇ ಸರಿ. ಹಣದ ಲೆಕ್ಕವೂ ಸೇರಲಿ: ಲಾಯದ ಬಾಡಿಗೆ, ಮೇವು, ಲಾಳ, ವೈದ್ಯರು, ತರಬೇತುದಾರರು ಎಲ್ಲ ಸೇರಿ ಒಂದು ತಿಂಗಳಿಗೆ ಎಷ್ಟು ಎಂದು ಬರೆದು ಆರರಿಂದ ಗುಣಿಸಿ. ಆ ಮೊತ್ತ ನೋಡಿ ಎದೆ ಧಸಕ್ಕೆಂದರೆ ಅರೆಮನಸ್ಸಿನ ತಿದ್ದುವಿಕೆಗೆ ಕೈ ಹಾಕಬೇಡಿ.

ಮಾರುವಾಗ ಹೇಳಬೇಕೋ ಮುಚ್ಚಿಡಬೇಕೋ? 1872ರ ಭಾರತೀಯ ಕರಾರು ಕಾಯ್ದೆ ಬರೆದವರಿಗೂ ಈ ಪ್ರಶ್ನೆ ಕಾಡಿತ್ತು ಅನಿಸುತ್ತದೆ. ವಂಚನೆಯನ್ನು ವಿವರಿಸುವ 17ನೇ ಕಲಮಿನ ಉದಾಹರಣೆಗಳಲ್ಲಿ ಬರುವುದು ಕುದುರೆಯೇ. ದೋಷವಿರುವ ಕುದುರೆಯನ್ನು ಹರಾಜಿನಲ್ಲಿ ಸುಮ್ಮನೆ ಮಾರಿದರೆ ವಂಚನೆಯಲ್ಲ. ಕೊಳ್ಳುವವಳು ಈಗಷ್ಟೇ ಪ್ರಾಯಕ್ಕೆ ಬಂದ ಸ್ವಂತ ಮಗಳಾದರೆ ಹೇಳುವುದು ಕರ್ತವ್ಯ. "ನೀವು ಇಲ್ಲ ಎನ್ನದಿದ್ದರೆ ಕುದುರೆ ಸರಿಯಿದೆ ಎಂದೇ ತಿಳಿದುಕೊಳ್ಳುತ್ತೇನೆ" ಎಂದು ಕೊಳ್ಳುವವರು ಹೇಳಿದಾಗ ಸುಮ್ಮನಿದ್ದರೆ ಆ ಮೌನವೂ ಮಾತಾಡಿದಂತೆಯೇ. ಕಾನೂನು ಅಷ್ಟಕ್ಕೆ ಬಿಟ್ಟರೂ ನಮ್ಮ ಕುದುರೆ ಲೋಕ ಚಿಕ್ಕದು, ಮುಚ್ಚಿಟ್ಟು ಮಾರಿದ ಕುದುರೆಯ ಸುದ್ದಿ ಅದಕ್ಕಿಂತ ಮೊದಲು ಊರು ಸೇರಿರುತ್ತದೆ. ವೈದ್ಯರ ವರದಿ, ಎಕ್ಸ್‌ರೇ, ಗ್ಲಾಂಡರ್ಸ್ (ಕುದುರೆಗಳ ಅಂಟುರೋಗ) ಪರೀಕ್ಷೆಯ ಫಲಿತಾಂಶ, ಲಾಳದ ದಿನಾಂಕಗಳು ಎಲ್ಲವನ್ನೂ ಒಂದು ಫೈಲಿನಲ್ಲಿ ಹಾಕಿ ಕೊಡಿ. "ಜಂಪ್‌ಗೆ ಅಲ್ಲ" ಎಂದು ಮಾರಾಟ ಪತ್ರದಲ್ಲೇ ಬರೆಯಿರಿ. ಬೆಲೆ ಇಳಿಯುತ್ತದೆ, ಇಳಿಯಲಿ.

ಕರಿಯನ ಗೊರಸನ್ನು ತಿದ್ದಲು ಐದು ತಿಂಗಳು ಹಿಡಿಯಿತು, ಲಾಳ ಮತ್ತೆ ಐದು ವಾರಕ್ಕೊಮ್ಮೆ. 70 ಸೆಂಟಿಮೀಟರ್‌ವರೆಗೆ ಬಲ ತಿರುವಿನಿಂದಲೂ ಹಾರಿದ. ಒಂದು ದಿನ 90ರ ಆಕ್ಸರ್ ಮುಂದೆ ಕೊನೆಯ ಹೆಜ್ಜೆಯಲ್ಲಿ ನಿಂತ. ಆ ದಿನದ ವಿಡಿಯೋದಲ್ಲಿ ನಾನು ಅವನ ಕತ್ತಿನ ಮೇಲಿದ್ದೆ. ಮತ್ತೆ ಆ ಎತ್ತರಕ್ಕೆ ಹೋಗಲಿಲ್ಲ. ಡ್ರೆಸಾಜ್ (ಜಂಪ್ ಇಲ್ಲದ, ಶಿಸ್ತಿನ ಹೆಜ್ಜೆಗಳ ಸವಾರಿ) ಕಲಿಯುತ್ತಿದ್ದ ಹುಡುಗಿಯೊಬ್ಬಳಿಗೆ ಅವನನ್ನು ಕೊಟ್ಟೆ, ಕೊಂಡ ಬೆಲೆಯ ಅರ್ಧಕ್ಕಿಂತ ಕಡಿಮೆಗೆ. ಫೈಲಿನ ಜೊತೆ ನೋಟ್‌ಬುಕ್ಕನ್ನೂ ಕೊಟ್ಟಾಗ ಅವಳು ಕೇಳಿದ್ದು ಒಂದೇ: "ಅಂಕಲ್, ಇದರಲ್ಲಿ ಖಾಲಿ ಪುಟ ಇದೆಯಲ್ಲ, ನಾನು ಮುಂದುವರಿಸಬಹುದಾ?"